ಹೊಗೆಯ ದಾಸತ್ವವೂ ಐದು ನಿಮಿಷದ ಸಹಾಯವೂ

(ಓದತಕ್ಕ ಭಾಗಗಳು: ಆದಿಕಾಂಡ 27; ಅರಣ್ಯಕಾಂಡ 11 ಮತ್ತು 15; 1 ಕೊರಿಂಥ 6.)

ಬೀಡಿ, ಸಿಗರೇಟು, ಚುಟ್ಟಾ ಇವುಗಳ ವಿಷಯದಲ್ಲಿ ನಮ್ಮ ಗ್ರಾಮಸಭೆಗಳಲ್ಲಿ ಬೋಧನೆ ಕಡಿಮೆಯಾಗಿರುವದೆಂದು ಯಾರೂ ಹೇಳಲಾರರು. ಸುಗ್ಗಿಯ ಹಬ್ಬದಲ್ಲಿಯೂ ಉಪವಾಸಕೂಟಗಳಲ್ಲಿಯೂ ಎಷ್ಟೋ ಮಂದಿ ಎದ್ದು ನಿಂತು, ಇನ್ನು ಮೇಲೆ ಮುಟ್ಟುವದಿಲ್ಲವೆಂದು ಸಭೆಯ ಮುಂದೆ ಮಾತು ಕೊಟ್ಟಿದ್ದಾರೆ. ಕೆಲವರು ಆ ಮಾತಿನಲ್ಲಿ ನಿಂತಿದ್ದಾರೆ. ಅದಕ್ಕಾಗಿ ದೇವರಿಗೆ ಸ್ತೋತ್ರ. ಆದರೆ ಅನೇಕರು ವಾರ ಕಳೆಯುವದರೊಳಗೆ ಹೊಲದ ಬದುವಿನ ಮರೆಯಲ್ಲಿ ಮತ್ತೆ ಬೀಡಿ ಹಚ್ಚಿರುವರು. ಮರುಭಾನುವಾರ ಅಂಥವನು ಹಿಂದಿನ ಸಾಲಿನಲ್ಲಿ ಕೂಡ್ರುವನು. ಮರುತಿಂಗಳು ಕರ್ತನ ಭೋಜನಕ್ಕೆ ಬಾರದೆ ಹೋಗುವನು. ಬರಬರುತ್ತಾ ದೇವಾಲಯದ ಬಾಗಲಿಗೂ ಬಾರನು. ಬೀಡಿಯು ಸಭೆಯಿಂದ ಎಳೆದುಕೊಂಡು ಹೋದವರಿಗಿಂತ ಬೀಡಿಯ ನಿಮಿತ್ತ ಉಂಟಾದ ನಾಚಿಕೆಯು ಎಳೆದುಕೊಂಡು ಹೋದವರೇ ಹೆಚ್ಚೆಂದು ನಮಗೆ ತೋರುತ್ತದೆ. ಆದಕಾರಣ ಈ ಪಾಠದಲ್ಲಿ ಗದರಿಕೆಯ ಮಾತನ್ನು ಬದಿಗಿಟ್ಟು ಸಹಾಯದ ಮಾತನ್ನಾಡುವೆವು. ನಾವು ಹೇಳಲಿರುವ ಸಹಾಯಗಳು ಎರಡು: ಮೂಗಿಗೆ ಹಿತವಾದ ಸುವಾಸನೆಯು ಒಂದು, ಕಿಸೆಯಲ್ಲಿರುವ ಮೊಬೈಲ್ ಫೋನು ಮತ್ತೊಂದು. ಇಷ್ಟು ಬಲವಾದ ವೈರಿಗೆ ಇಷ್ಟು ಸಣ್ಣ ಆಯುಧಗಳೋ ಎಂದು ನಗುವವರು ಸ್ವಲ್ಪ ತಾಳಬೇಕು.

ಹೊಗೇಸೊಪ್ಪಿನ ಹೆಸರು ಸತ್ಯವೇದದಲ್ಲಿ ಎಲ್ಲಿಯೂ ಇಲ್ಲ; ಇರುವದಕ್ಕೂ ಆಗದು. ಅದು ಅಮೇರಿಕ ಖಂಡದ ಗಿಡ. ಪೋರ್ತುಗೀಸರ ಮೂಲಕ ನಮ್ಮ ದೇಶಕ್ಕೆ ಬಂತು. 17ನೆಯ ಶತಮಾನದ ಆರಂಭದಲ್ಲಿ ಅಕ್ಬರ್ ಬಾದಶಹನ ರಾಯಭಾರಿಯಾದ ಅಸದ್ ಬೇಗನು ನಮ್ಮ ವಿಜಾಪುರದಲ್ಲಿ ಅದನ್ನು ಕಂಡು, ಹೊಸ ವಸ್ತುವೆಂದು ಅರಸನಿಗೆ ಕಾಣಿಕೆಯಾಗಿ ಒಯ್ದ ಸಂಗತಿಯನ್ನು ತಾನೇ ಬರೆದಿಟ್ಟಿದ್ದಾನೆ. ಅಕ್ಬರನ ಮಗನಾದ ಜಹಾಂಗೀರನು 1617ರಲ್ಲಿ ಅದನ್ನು ಸೇದಕೂಡದೆಂದು ಆಜ್ಞೆ ಹೊರಡಿಸಿದನು, ಪ್ರಜೆಗಳು ಬಿಡಲಿಲ್ಲ. ಬಾದಶಹನ ಆಜ್ಞೆಯನ್ನೇ ಮುರಿದ ಈ ಎಲೆಯು ಒಬ್ಬ ಬಡ ಒಕ್ಕಲಿಗನ ಭಾನುವಾರದ ಮಾತನ್ನು ಮುರಿದರೆ ಆಶ್ಚರ್ಯವೇನು? ಹೆಸರಿಲ್ಲದಿದ್ದರೂ ಅಪೊಸ್ತಲನಾದ ಪೌಲನ ಬೋಧನೆಯು ನಮಗೆ ಸಾಕು. ವಿಶ್ವಾಸಿಯ ದೇಹವು ಪವಿತ್ರಾತ್ಮನ ಆಲಯವೆಂದೂ, ಯಾವದೊಂದು ವಸ್ತುವಿಗೂ ತಾನು ಅಧೀನನಾಗಲಾರೆನೆಂದೂ ಅವನು ಕೊರಿಂಥದವರಿಗೆ ತಿಳಿಸಿದ್ದಾನೆ. ಹೊಗೆಯ ಪ್ರಶ್ನೆಯು ಮುಖ್ಯವಾಗಿ ಈ ಅಧೀನತೆಯ ಪ್ರಶ್ನೆಯೇ.

ಈ ಅಧೀನತೆ ಎಷ್ಟು ಮಂದಿಗುಂಟು? 2016-17ರಲ್ಲಿ ಸರಕಾರದವರು ಮಾಡಿಸಿದ ಎಣಿಕೆಯ ಪ್ರಕಾರ ಕರ್ನಾಟಕದಲ್ಲಿ 15 ವರುಷ ತುಂಬಿದವರೊಳಗೆ 100ಕ್ಕೆ 22.8 ಮಂದಿ ಹೊಗೇಸೊಪ್ಪನ್ನು ಒಂದಲ್ಲ ಒಂದು ರೂಪದಲ್ಲಿ ಉಪಯೋಗಿಸುತ್ತಿದ್ದರು. ದೇಶದಾದ್ಯಂತ ಬೀಡಿ ಸೇದುವವರು 100ಕ್ಕೆ 7.7, ಸಿಗರೇಟು ಸೇದುವವರು 100ಕ್ಕೆ 4. ಬೀಡಿಯು ಎಲೆಯಲ್ಲಿ ಸುತ್ತಿದ್ದಾದ್ದರಿಂದ ಸಿಗರೇಟಿಗಿಂತ ಸೌಮ್ಯವೆಂದು ನಮ್ಮವರಲ್ಲಿ ಒಂದು ಮಾತುಂಟು. ಅದು ಸುಳ್ಳು. ಆ ಎಲೆಯು ಚೆನ್ನಾಗಿ ಉರಿಯದ ಕಾರಣ ಬೀಡಿ ಆರದಂತೆ ಮೇಲಿಂದ ಮೇಲೆ ಎಳೆಯಬೇಕಾಗುತ್ತದೆ. ಹಾಗೆ ಎಳೆದಾಗ ವಿಷವಾಯುವೂ ಟಾರೂ ನಿಕೋಟಿನೂ ಹೆಚ್ಚಾಗಿಯೇ ಒಳಗೆ ಹೋಗುತ್ತವೆ.

ಕೊಟ್ಟ ಮಾತು ಯಾಕೆ ಮುರಿಯುತ್ತದೆಂಬದನ್ನು ಈಗ ನೋಡೋಣ. ಹೊಗೆಯಲ್ಲಿರುವ ನಿಕೋಟಿನೆಂಬ ದ್ರವ್ಯವು ಶ್ವಾಸಕೋಶದಿಂದ ರಕ್ತಕ್ಕೆ ಸೇರಿ ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟಿ ಅಲ್ಲಿ ಸಂತೋಷವನ್ನು ಹುಟ್ಟಿಸುತ್ತದೆ. ಸುಮಾರು ಎರಡು ತಾಸುಗಳಲ್ಲಿ ಅದರ ಅರ್ಧಭಾಗವು ರಕ್ತದಿಂದ ಇಳಿದುಹೋಗುತ್ತದೆ. ಆಗ ಮಿದುಳು ಮತ್ತೆ ಕೇಳುತ್ತದೆ. ಕೊಡದಿದ್ದರೆ ಸಿಡುಕು, ತಳಮಳ, ನಿದ್ರೆ ಬಾರದಿರುವದು, ಮನಸ್ಸಿನ ಕುಗ್ಗುವಿಕೆ ಇವು ತೋರುತ್ತವೆ. ಮೊದಲನೆಯ ವಾರವೇ ಕಠಿಣ. ಮೂರು ನಾಲ್ಕು ವಾರಗಳಲ್ಲಿ ಬಹಳಷ್ಟು ತಗ್ಗುತ್ತದೆ. ಇಲ್ಲಿ ಗಮನಿಸತಕ್ಕ ಸಂಗತಿ ಒಂದುಂಟು. ಆಸೆಯು ಇಡೀ ದಿನ ಒಂದೇ ಸಮನಾಗಿ ಇರುವದಿಲ್ಲ. ಮಳೆಗಾಲದ ಹಳ್ಳದಂತೆ ಏಕಾಏಕಿ ಏರುತ್ತದೆ, ಕೆಲವು ನಿಮಿಷ ಭೋರ್ಗರೆಯುತ್ತದೆ, ಆಮೇಲೆ ಇಳಿಯುತ್ತದೆ. ಊರಿಗೆ ಹೊರಟವನು ಹಳ್ಳ ತುಂಬಿದಾಗ ಏನು ಮಾಡುವನು? ನೀರಿನ ಸಂಗಡ ಹೋರಾಡದೆ ದಡದ ಮೇಲೆ ನಿಂತುಕೊಳ್ಳುವನು. ಹೊಗೆ ಬಿಡುವವನಿಗೂ ದಿನಕ್ಕೆ ಹಲವು ಸಾರಿ ದಡದಲ್ಲಿ ನಿಂತುಕೊಳ್ಳುವದಕ್ಕೆ ಒಂದು ಸ್ಥಳ ಬೇಕು. ಇನ್ನು ಹದಿನೈದು ವರುಷ ಸೇದಕೂಡದು ಎಂಬ ಹೊರೆಯನ್ನು ಒಂದೇ ಮುಂಜಾನೆ ಹೊತ್ತುಕೊಳ್ಳುವವನ ಬೆನ್ನು ಮುರಿಯುವದು; ಐದು ನಿಮಿಷವನ್ನು ಯಾರಾದರೂ ಹೊರಬಹುದು.

ಮೂಗು ಈ ಕೆಲಸಕ್ಕೆ ಹೇಗೆ ಸಹಾಯವಾಗುತ್ತದೆ? ಮುದುಕನಾದ ಇಸಾಕನನ್ನು ನೆನಸಿರಿ. ಅವನ ಕಣ್ಣು ಮಬ್ಬಾಗಿತ್ತು. ಕಿವಿಗೆ ಕೇಳಿಸಿದ್ದು ಯಾಕೋಬನ ಸ್ವರ. ಅದರಿಂದ ಅವನಿಗೆ ಸಂಶಯ ಹುಟ್ಟಿತು. ಆದರೆ ಏಸಾವನ ಬಟ್ಟೆಯ ವಾಸನೆ ಮೂಗಿಗೆ ತಗಲಿದ ಕೂಡಲೇ ಸಂಶಯವೆಲ್ಲಾ ಕರಗಿ, ಹೊಲದ ನೆನಪು ಎದ್ದು, ಬಾಯಿಂದ ಆಶೀರ್ವಾದವು ಹೊರಟಿತು. ಕಿವಿಗಿಂತ ಮೂಗು ಬಲವಾಯಿತು. ಅರಣ್ಯದಲ್ಲಿ ಇಸ್ರಾಯೇಲ್ಯರು ಅತ್ತದ್ದು ಯಾವದಕ್ಕಾಗಿ? ಐಗುಪ್ತದ ಈರುಳ್ಳಿಗೂ ಬೆಳ್ಳುಳ್ಳಿಗೂ. ಅಲ್ಲಿನ ಚಾವಟಿ ಮರೆತುಹೋಗಿತ್ತು, ಒಗ್ಗರಣೆ ಮರೆತಿರಲಿಲ್ಲ! ಇತರ ಇಂದ್ರಿಯಗಳ ಸುದ್ದಿಯು ಮಿದುಳಿನ ನಡುವಣ ಒಂದು ಠಾಣೆಯನ್ನು ಹಾದು ಹೋಗುತ್ತದೆ. ವಾಸನೆಯ ಸುದ್ದಿಯಾದರೋ ಭಾವನೆಗಳಿಗೂ ನೆನಪಿಗೂ ಸಂಬಂಧಪಟ್ಟ ಭಾಗಗಳನ್ನು ನೇರವಾಗಿ ಮುಟ್ಟುತ್ತದೆಂದು ಈಗಿನ ಶಾಸ್ತ್ರಜ್ಞರು ತಿಳಿಸುತ್ತಾರೆ.

ಅಮೇರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಮೈಕೆಲ್ ಸಯೆಟ್ ಎಂಬ ಪಂಡಿತರೂ ಅವರ ಜೊತೆಗಾರರೂ 2019ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯನ್ನು ಸ್ವಲ್ಪ ವಿವರವಾಗಿ ಹೇಳುವೆವು. ಸಿಗರೇಟು ಸೇದುವ 232 ಮಂದಿಯನ್ನು ಅವರು ಕರೆದರು. ಬಿಡಬೇಕೆಂಬ ಯೋಚನೆ ಆಗ ಇವರಿಗಿರಲಿಲ್ಲ. ಎಂಟು ತಾಸು ಸೇದದೆ ಬರಬೇಕೆಂಬದು ಷರತ್ತು. ಮೊದಲು ನಿಂಬೆ, ಪುದೀನ, ಸೇಬು, ವೆನಿಲಾ, ಚಾಕಲೇಟು ಮುಂತಾದ ವಾಸನೆಗಳನ್ನು ಮೂಸಿಸಿ, ಯಾರಿಗೆ ಯಾವದು ಹೆಚ್ಚು ಇಷ್ಟವೆಂದು ಕೇಳಿದರು. ಅನಂತರ ಸಿಗರೇಟನ್ನು ಹಚ್ಚಿ ಕೈಯಲ್ಲಿ ಹಿಡಿದುಕೊಳ್ಳುವಂತೆಯೂ, ಆದರೆ ಸೇದದಿರುವಂತೆಯೂ ಹೇಳಿದರು. ಆಗ ಆಸೆ ಎಷ್ಟಿದೆಯೆಂದು 100ರೊಳಗೆ ಅಂಕ ಹಾಕಿಸಿದಾಗ ಸರಾಸರಿ 82 ಬಂತು. ಸಿಗರೇಟನ್ನು ನಂದಿಸಿ, ಒಬ್ಬೊಬ್ಬನ ಕೈಗೆ ಒಂದೊಂದು ಡಬ್ಬಿ ಕೊಟ್ಟರು. ಕೆಲವರ ಡಬ್ಬಿಯಲ್ಲಿ ಅವರವರಿಗೆ ಇಷ್ಟವಾದ ಸುವಾಸನೆ, ಕೆಲವರದರಲ್ಲಿ ಹೊಗೇಸೊಪ್ಪಿನ ವಾಸನೆ, ಕೆಲವರದು ಬರಿದು. ಐದು ನಿಮಿಷಗಳ ವರೆಗೆ ಮೂಸುತ್ತಾ ನಿಮಿಷಕ್ಕೊಮ್ಮೆ ಅಂಕ ಹೇಳಬೇಕಾಗಿತ್ತು. ಬರಿ ಡಬ್ಬಿಯವರಲ್ಲಿ ಆಸೆಯು 11.2 ಅಂಕ ಇಳಿಯಿತು. ಹೊಗೇಸೊಪ್ಪಿನ ಡಬ್ಬಿಯವರಲ್ಲಿ 11.7, ಸುವಾಸನೆಯವರಲ್ಲಿ 19.3.

ಈ ಅಂಕಗಳಿಂದ ನಾವು ಎರಡು ಮಾತು ಕಲಿಯುವೆವು. ಬರಿ ಡಬ್ಬಿಯನ್ನು ಹಿಡಿದವನಿಗೂ ಆಸೆ ಇಳಿಯಿತಲ್ಲಾ! ಅಂದರೆ ಹಳ್ಳವು ತಾನಾಗಿಯೇ ಇಳಿಯುವದುಂಟು. ಸುವಾಸನೆ ಇದ್ದವನಿಗೆ ಅದು ಬೇಗನೆ ಇಳಿಯಿತು. ಆದರೆ ಆಸೆ ಮಾಯವಾಗಲಿಲ್ಲವೆಂಬದನ್ನೂ ಮರೆಯಬಾರದು. 82ರಿಂದ 19 ಕಳೆದರೆ ಉಳಿಯುವದು 63. ಇದಲ್ಲದೆ ಅವರು ನೋಡಿದ್ದು ಕೆಲವು ನಿಮಿಷಗಳ ಆಸೆಯನ್ನೇ ಹೊರತು, ಇಷ್ಟು ಮಂದಿ ಸಿಗರೇಟು ಬಿಟ್ಟರೆಂಬದನ್ನಲ್ಲ. ಡಬ್ಬಿ ಮೂಸಿದರೆ ಚಟ ಬಿಡುವದೆಂದು ಯಾರಾದರೂ ಸಂತೆಯಲ್ಲಿ ಮಾರಿದರೆ ಅವನು ಸುಳ್ಳುಗಾರನು.

ನಮ್ಮ ಮಲೆನಾಡಿನ ಕಾಳುಮೆಣಸಿಗೂ ಇಂಥ ಒಂದು ಸಾಕ್ಷಿಯುಂಟು. 1994ರಲ್ಲಿ ಅಮೇರಿಕದ ರೋಸ್ ಮತ್ತು ಬೆಮ್ ಎಂಬವರು 48 ಮಂದಿಯ ಮೇಲೆ ಪರೀಕ್ಷೆ ಮಾಡಿ, ಕಾಳುಮೆಣಸಿನ ಸತ್ವದ ಆವಿಯನ್ನು ಸಣ್ಣ ಕೊಳವೆಯಿಂದ ಎಳೆದುಕೊಂಡವರಿಗೆ ಸಿಗರೇಟಿನ ಆಸೆ ಇತರರಿಗಿಂತ ಕಡಿಮೆಯಾಯಿತೆಂದು ಬರೆದರು. ಅದು ಸತ್ವದ ಆವಿ; ಮೆಣಸಿನ ಪುಡಿಯನ್ನು ಮೂಗಿಗೆ ಏರಿಸುವವನಿಗೆ ಸೀನು ಹೊರತು ಬೇರೆ ಪ್ರತಿಫಲವಿಲ್ಲ. ಇಸ್ರಾಯೇಲ್ ದೇಶದ ವೈಜ್‌ಮನ್ ಸಂಸ್ಥೆಯವರು 2014ರಲ್ಲಿ ಪ್ರಕಟಿಸಿದ ಪರೀಕ್ಷೆಯು ಇನ್ನೂ ವಿಚಿತ್ರವಾದದ್ದು. 66 ಮಂದಿಯ ಆ ಪರೀಕ್ಷೆಯಲ್ಲಿ, ನಿದ್ರಿಸುವವರ ಮೂಗಿಗೆ ಸಿಗರೇಟಿನ ವಾಸನೆಯನ್ನೂ ಕೊಳೆತ ಮೊಟ್ಟೆ ಅಥವಾ ಮೀನಿನ ನಾತವನ್ನೂ ಜೊತೆಯಾಗಿ ಹಿಡಿದರು. ಬೆಳಿಗ್ಗೆ ಎದ್ದವರಿಗೆ ಅದರ ನೆನಪೇ ಇರಲಿಲ್ಲ. ಆದರೂ ಮುಂದಿನ ಕೆಲವು ದಿನ ಅವರು ಸೇದಿದ್ದು ಕಡಿಮೆ. ಎಚ್ಚರವಿದ್ದವರಿಗೆ ಅದೇ ನಾತವನ್ನು ತೋರಿಸಿದಾಗ ಏನೂ ಪ್ರಯೋಜನವಾಗಲಿಲ್ಲ. ಎಚ್ಚರವಿದ್ದವರನ್ನು ಗದರಿಸಿಯೇ ಬಿಡಿಸುವೆವೆನ್ನುವ ನಮ್ಮ ಹಿರಿಯರು ಇದನ್ನು ಆಲೋಚಿಸಲಿ. ಇದು ಮನೆಯಲ್ಲಿ ಮಾಡತಕ್ಕ ಕೆಲಸವಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಮನೆಯಲ್ಲಿ ಮಾಡತಕ್ಕದ್ದು ಸುಲಭವಾಗಿದೆ. ಪಿಟ್ಸ್‌ಬರ್ಗಿನವರ ಪರೀಕ್ಷೆಯಲ್ಲಿ ಎಲ್ಲರಿಗೂ ಒಂದೇ ಸುವಾಸನೆಯನ್ನು ಕೊಡದೆ ಅವರವರು ಮೆಚ್ಚಿದ್ದನ್ನು ಕೊಟ್ಟರಲ್ಲವೇ? ಹಾಗೆಯೇ ಬಿಡಬೇಕೆಂದಿರುವವನು ಮೊದಲೇ ಒಂದು ಸಾಯಂಕಾಲ ಕುಳಿತು, ನಿಂಬೆಯ ಸಿಪ್ಪೆ, ಕಿತ್ತಳೆಯ ಸಿಪ್ಪೆ, ಪುದೀನ, ಏಲಕ್ಕಿ, ಲವಂಗ, ಮರುಗ ಇವುಗಳಲ್ಲಿ ಮನಸ್ಸಿಗೆ ಒಳ್ಳೇ ನೆನಪು ತರುವದು ಯಾವದೆಂದು ನೋಡಲಿ. ಅಜ್ಜಿಯ ಮನೆಯ ಹಬ್ಬದ ಅಡಿಗೆಯ ನೆನಪಾದರೆ ಇನ್ನೂ ಒಳ್ಳೇದು. ಅದನ್ನು ಬಿಗಿಯಾದ ಮುಚ್ಚಳದ ಸಣ್ಣ ಡಬ್ಬಿಯಲ್ಲಿಟ್ಟು, ಬೀಡಿಯ ಕಟ್ಟು ಇರುತ್ತಿದ್ದ ಕಿಸೆಯಲ್ಲಿಯೇ ಇಟ್ಟುಕೊಳ್ಳಲಿ. ಕೈ ಅಭ್ಯಾಸದಿಂದ ಅಲ್ಲಿಗೇ ಹೋಗುತ್ತದೆ. ಹೋಗಲಿ, ಡಬ್ಬಿ ಸಿಕ್ಕೀತು. ಆಸೆ ಎದ್ದಾಗ ಮುಚ್ಚಳ ತೆಗೆದು ನಿಧಾನವಾಗಿ ಮೂಸಿ, ನಿಮಿಷಕ್ಕೊಮ್ಮೆಯಂತೆ ಐದು ನಿಮಿಷ ಮಾಡಲಿ. ಸಿಪ್ಪೆ ಒಣಗಿ ವಾಸನೆ ತಗ್ಗಿದಾಗ ಹೊಸದನ್ನು ಹಾಕಲಿ. ನೀಲಗಿರಿ ಎಣ್ಣೆಯಂಥವುಗಳನ್ನು ಎಂದಿಗೂ ಕುಡಿಯಬಾರದು, ಮಕ್ಕಳ ಕೈಗೆ ಸಿಗುವಂತೆ ಇಡಬಾರದು. ಅವು ಹೊಟ್ಟೆಗೆ ವಿಷ.

ಇಲ್ಲಿ ಕೆಲವರು, ಡಬ್ಬಿಯನ್ನು ಮೈಮೇಲೆ ಇಟ್ಟುಕೊಳ್ಳುವದು ತಾಯಿತ ಕಟ್ಟಿಕೊಂಡಂತೆ ಆಗದೋ ಎಂದು ಕೇಳಬಹುದು. ಒಳ್ಳೇ ಪ್ರಶ್ನೆ. ತಾಯಿತ ಕಟ್ಟಿಕೊಂಡವನು ಅದರಲ್ಲಿ ಕಾಣದ ಶಕ್ತಿಯೊಂದು ಇದೆಯೆಂದು ನಂಬುತ್ತಾನೆ. ನಿಂಬೆಯ ಸಿಪ್ಪೆಯಲ್ಲಿ ಇರುವದು ದೇವರು ನಿಂಬೆಯಲ್ಲಿಟ್ಟ ವಾಸನೆಯೇ; ಮೂಗಿನಲ್ಲಿ ಇರುವದು ಆತನು ಮೂಗಿಗೆ ಕೊಟ್ಟ ಗುಣವೇ. ವಿಮೋಚನಕಾಂಡದ 30ನೆಯ ಅಧ್ಯಾಯದಲ್ಲಿ ಸ್ವಂತ ಸಂತೋಷಕ್ಕಾಗಿ ಮಾಡಿಕೊಳ್ಳಕೂಡದೆಂದು ತಡೆದದ್ದು ದೇವಗುಡಾರದ ಆ ಒಂದು ಪರಿಶುದ್ಧ ಧೂಪದ್ರವ್ಯವನ್ನು ಮಾತ್ರ. ತೈಲವೂ ಸುಗಂಧವೂ ಹೃದಯಕ್ಕೆ ಆನಂದವೆಂಬದನ್ನು ಜ್ಞಾನೋಕ್ತಿಗಳ 27ನೆಯ ಅಧ್ಯಾಯವು ಒಪ್ಪಿಕೊಳ್ಳುತ್ತದೆ. ಆದರೆ ಸುವಾಸನೆಯ ಹೆಸರಿನಲ್ಲಿ ಬರುವ ಮೋಸವೊಂದುಂಟು. ಹಣ್ಣಿನ ವಾಸನೆಯ ಆವಿ ಬಿಡುವ ವಿದ್ಯುತ್ ಸಿಗರೇಟುಗಳನ್ನು ಪಟ್ಟಣಕ್ಕೆ ಹೋದ ನಮ್ಮ ಹುಡುಗರು ಕಂಡಿರುವರು. ಆ ಆವಿಯಲ್ಲಿ ಸಾಮಾನ್ಯವಾಗಿ ಅದೇ ನಿಕೋಟಿನ್ ಇರುತ್ತದೆ. ನಮ್ಮ ದೇಶದಲ್ಲಿ 2019ರಲ್ಲಿಯೇ ಅವುಗಳ ಮಾರಾಟವನ್ನು ಕಾಯಿದೆಯಿಂದ ನಿಷೇಧಿಸಿದ್ದಾರೆ.

ಇನ್ನು ಫೋನಿನ ವಿಷಯ. ಅರಣ್ಯಕಾಂಡದ 15ನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರು ತಮ್ಮ ಬಟ್ಟೆಯ ಅಂಚಿಗೆ ನೀಲಿ ದಾರದ ಗೊಂಡೆಗಳನ್ನು ಕಟ್ಟಿಕೊಳ್ಳಬೇಕೆಂಬ ಅಪ್ಪಣೆಯುಂಟು. ಗೊಂಡೆ ಅವರನ್ನು ರಕ್ಷಿಸುತ್ತಿತ್ತೋ? ಇಲ್ಲ, ನೆನಪು ಮಾಡಿಕೊಡುತ್ತಿತ್ತು. ಮನುಷ್ಯನು ಮರೆಯುವವನೆಂದು ಬಲ್ಲ ದೇವರು ಕಣ್ಣಿಗೆ ಬೀಳುವ ಒಂದು ಗುರುತನ್ನು ಕೊಟ್ಟನು. ಫೋನಿನಿಂದ ಒಳ್ಳೇ ಕೆಲಸ ಆಗುವದಾದರೆ ಅದು ಈ ಗೊಂಡೆಯ ಕೆಲಸವೇ.

ಬ್ರಿಟನ್ ದೇಶದಲ್ಲಿ 5,800 ಮಂದಿಯ ಮೇಲೆ ಮಾಡಿದ ಒಂದು ಪರೀಕ್ಷೆಯು 2011ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರಿಗೆ ಹೊಗೆ ಬಿಡುವದಕ್ಕೆ ಧೈರ್ಯ ಹೇಳುವ ಸಣ್ಣ ಸಂದೇಶಗಳು ಫೋನಿಗೆ ಬರುತ್ತಿದ್ದವು: ಮೊದಲನೆಯ ಐದು ವಾರ ದಿನಕ್ಕೆ ಐದು, ಆಮೇಲೆ ವಾರಕ್ಕೆ ಮೂರು. ಮತ್ತೊಂದು ಗುಂಪಿಗೆ ಬಂದವು ಹೊಗೆಯ ಮಾತೇ ಇಲ್ಲದ ಸಂದೇಶಗಳು. ಆರು ತಿಂಗಳ ತರುವಾಯ, ಬಿಟ್ಟೆವೆಂದವರ ಎಂಜಲನ್ನು ಪರೀಕ್ಷಿಸಿ ನೋಡಿದಾಗ ಮೊದಲನೆಯ ಗುಂಪಿನಲ್ಲಿ 100ಕ್ಕೆ 10.7 ಮಂದಿಯೂ ಎರಡನೆಯದರಲ್ಲಿ 4.9 ಮಂದಿಯೂ ಬಿಟ್ಟಿದ್ದರು. ನಮಗೆ ಹೆಚ್ಚು ಮೆಚ್ಚುಗೆಯಾದದ್ದು ಅದರ ಒಂದು ಏರ್ಪಾಡು. ಆಸೆ ಎದ್ದವನು ಅದನ್ನು ತಿಳಿಸುವ ಒಂದು ಮಾತನ್ನು ಕಳುಹಿಸಿದರೆ ಕೂಡಲೇ ಉತ್ತರ ಬರುತ್ತಿತ್ತು. ಬಿದ್ದವನಿಗೂ ಒಂದು ಮಾತಿತ್ತು. ಜಾರಿದೆನೆಂದು ಅವನು ತಿಳಿಸಿದಾಗ ಬಂದ ಉತ್ತರವು ಬೈಗಳಲ್ಲ, ಪ್ರಯತ್ನವನ್ನು ಮುಂದುವರಿಸು ಎಂಬ ಪ್ರೋತ್ಸಾಹ. ನಮ್ಮ ಸಭೆಯಲ್ಲಿ ಬಿದ್ದವನು ಯಾರಿಗೆ ತಿಳಿಸಬೇಕು? ತಿಳಿಸಿದರೆ ಯಾವ ಉತ್ತರ ಬರುತ್ತದೆ? ಒಂದು ಯಂತ್ರಕ್ಕೆ ಕಲಿಸಿದ ತಾಳ್ಮೆ ನಮಗಿಲ್ಲದೆ ಹೋದರೆ ಏನೆನ್ನೋಣ?

ಸ್ಮಾರ್ಟ್‌ಫೋನಿನ ಆ್ಯಪ್‌ಗಳು ಇದಕ್ಕಿಂತ ಹೊಸವು. ಒಳ್ಳೇವೂ ಉಂಟು, ಬರೇ ಅಂಗಡಿಯ ಬಣ್ಣದವೂ ಉಂಟು. 2019ರಲ್ಲಿ ಕೊಕ್ರೇನ್ ಸಂಸ್ಥೆಯವರು 26 ಪರೀಕ್ಷೆಗಳನ್ನು ಕೂಡಿಸಿ ನೋಡಿ, ಸಂದೇಶಗಳಿಂದ ಪ್ರಯೋಜನವುಂಟೆಂದೂ, ಆ್ಯಪ್‌ಗಳ ವಿಷಯದಲ್ಲಿ ಸಾಕಷ್ಟು ಸಾಕ್ಷಿ ಇನ್ನೂ ಇಲ್ಲವೆಂದೂ ತೀರ್ಮಾನಿಸಿದರು. ಮರುವರುಷ, 2020ರಲ್ಲಿ, ಅಮೇರಿಕದ ಸಿಯಾಟಲ್ ಪಟ್ಟಣದ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಸ್ಥೆಯ ಜಾನಥನ್ ಬ್ರಿಕರ್ ಎಂಬವರ ಪರೀಕ್ಷೆ ಹೊರಬಂತು. 2,415 ಮಂದಿಯನ್ನು ಎರಡು ಪಾಲು ಮಾಡಿ ಎರಡು ಆ್ಯಪ್‌ಗಳನ್ನು ಕೊಟ್ಟಿದ್ದರು. ಒಂದು, ಆಸೆ ಹುಟ್ಟಿಸುವ ಸಂಗತಿಗಳಿಂದ ತಪ್ಪಿಸಿಕೊಳ್ಳಬೇಕೆಂದು ಕಲಿಸುವಂಥದು. ಐಕ್ಯಾನ್‌ಕ್ವಿಟ್ ಎಂಬ ಮತ್ತೊಂದು, ಆಸೆ ಬಂದಾಗ ಬಂತೆಂದು ಒಪ್ಪಿಕೊಂಡು, ಅದಕ್ಕೆ ಕೈ ಕೊಡದೆ, ಹಾದುಹೋಗುವ ತನಕ ನೋಡುತ್ತಾ ಇರಬೇಕೆಂದು ಕಲಿಸುವಂಥದು. ವರುಷದ ಕೊನೆಯಲ್ಲಿ ಮೊದಲನೆಯದರಿಂದ 100ಕ್ಕೆ 21 ಮಂದಿಯೂ ಎರಡನೆಯದರಿಂದ 28 ಮಂದಿಯೂ ಹೊಗೆ ಮುಟ್ಟದೆ ಇದ್ದರು. ಇದು ದಡದ ಮೇಲೆ ನಿಲ್ಲುವ ಪಾಠವೇ ಅಲ್ಲವೇ? ಆಸೆ ಹುಟ್ಟುವದೇ ಪಾಪವೆಂದು ಎಣಿಸಿ ತನ್ನನ್ನು ತಾನೇ ಹೊಡೆದುಕೊಳ್ಳುವ ಸಹೋದರನು ಇದನ್ನು ಚೆನ್ನಾಗಿ ಕೇಳಲಿ. ನಮ್ಮ ಕರ್ತನೂ ಶೋಧಿಸಲ್ಪಟ್ಟನು, ಆದರೂ ಪಾಪಮಾಡಲಿಲ್ಲ. 100ಕ್ಕೆ 72 ಮಂದಿ ಆ ಒಳ್ಳೇ ಆ್ಯಪ್‌ನಿಂದಲೂ ಬಿಡಲಾರದೆ ಹೋದರೆಂಬದನ್ನೂ ನಾವು ಮುಚ್ಚಿಡುವದಿಲ್ಲ. 2024ರಲ್ಲಿ ಲೋಕಾರೋಗ್ಯ ಸಂಸ್ಥೆಯು ಹೊರಡಿಸಿದ ಸೂಚನೆಗಳಲ್ಲಿ ಸಂದೇಶಗಳೂ ಆ್ಯಪ್‌ಗಳೂ ಸಹಾಯಗಳೊಳಗೆ ಸೇರಿವೆ. ಅವುಗಳ ಸಂಗಡ ಮನುಷ್ಯನ ಬುದ್ಧಿಮಾತೂ ಔಷಧವೂ ಸೇರಿವೆ.

ನಮ್ಮ ದೇಶದಲ್ಲಿ ಇದಕ್ಕಾಗಿ ಸ್ಮಾರ್ಟ್‌ಫೋನೇ ಬೇಕೆಂದಿಲ್ಲ. ಗುಂಡಿಗಳ ಹಳೇ ಫೋನು ಸಾಕು. 1800-11-2356 ಎಂಬ ಸಂಖ್ಯೆಗೆ ಕರೆ ಮಾಡಿದರೆ ಹಣ ತಗಲುವದಿಲ್ಲ. 2016ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿ ಆರಂಭವಾದ ಈ ಸೇವೆಯು ಆಮೇಲೆ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೂ ವಿಸ್ತರಿಸಿತು, ಕನ್ನಡದಲ್ಲಿಯೇ ಮಾತಾಡಬಹುದು. ಸಂಖ್ಯೆ ಮರೆತವನು ಎಲ್ಲಿ ಹುಡುಕಬೇಕು? ಬೀಡಿಯ ಕಟ್ಟಿನ ಮೇಲೆಯೇ! 2018ರ ಸೆಪ್ಟೆಂಬರಿನಿಂದ ಅದನ್ನು ಅಲ್ಲಿ ಅಚ್ಚುಹಾಕಬೇಕೆಂದು ಸರಕಾರದ ಅಪ್ಪಣೆಯಾಗಿದೆ. ಎಷ್ಟೋ ವರುಷ ಕಿಸೆಯಲ್ಲಿ ಹೊತ್ತು ತಿರುಗಿದ ಕಟ್ಟಿನ ಮೇಲೆ ಬಿಡುಗಡೆಯ ದಾರಿಯೂ ಬರೆದಿದ್ದು, ಓದದೆ ಬಿಸಾಡಿದವರು ನಮ್ಮಲ್ಲಿ ಎಷ್ಟು ಮಂದಿಯೋ. ಆ್ಯಪ್ ಹಾಕಿಕೊಳ್ಳುವ ಯೌವನಸ್ಥರಿಗೆ ಒಂದು ಮಾತು: ಹಣ ಕೇಳುವಂಥದನ್ನೂ, ನಿಮ್ಮ ಫೋನಿನಲ್ಲಿರುವ ಎಲ್ಲರ ಹೆಸರು ಸಂಖ್ಯೆಗಳನ್ನು ಕೇಳುವಂಥದನ್ನೂ ಮುಟ್ಟಬೇಡಿರಿ. ಒಂದು ಚಟವನ್ನು ಬಿಡಿಸುವದಕ್ಕೆಂದು ತೆರೆದ ಫೋನಿನಲ್ಲಿ ನಡುರಾತ್ರಿಯ ತನಕ ಇಸ್ಪೀಟು ಆಡುತ್ತಾ ಕೂತರೆ ಯಜಮಾನ ಬದಲಾದನು, ದಾಸತ್ವ ಹೋಗಲಿಲ್ಲ.

ಡಬ್ಬಿಗೂ ಫೋನಿಗೂ ಜೊತೆಯಾಗಿ ಬೇಕಾದದ್ದು ಒಬ್ಬ ಮನುಷ್ಯನು. ಪ್ರತಿ ಸಭೆಯಲ್ಲಿಯೂ ಬಿಡಬೇಕೆಂದಿರುವವನಿಗೆ ಒಬ್ಬ ಜೊತೆಗಾರನನ್ನು ಗೊತ್ತುಮಾಡಬೇಕೆಂಬದು ನಮ್ಮ ಬಿನ್ನಹ. ಈಗಾಗಲೇ ಬಿಟ್ಟಿರುವವನೂ, ಬಿಡುವ ಮೊದಲು ಎರಡು ಮೂರು ಸಾರಿ ಬಿದ್ದಿದ್ದವನೂ ಆದರೆ ಉತ್ತಮ. ಪೇತ್ರನು ತಿರುಗಿಕೊಂಡ ಮೇಲೆಯೇ ಸಹೋದರರನ್ನು ದೃಢಪಡಿಸಬೇಕೆಂದು ಕರ್ತನು ಅವನಿಗೆ ಹೇಳಿದ್ದನು. ರಾತ್ರಿ ಊಟವಾದ ಮೇಲಿನ ಹೊತ್ತು ಬಹಳ ಮಂದಿಗೆ ಕಠಿಣ. ಆಗ ಫೋನು ಬಂದರೆ ಜೊತೆಗಾರನು ಪ್ರಸಂಗ ಮಾಡದೆ, “ಅಣ್ಣಾ, ಡಬ್ಬಿ ತೆಗೆ. ನಾನು ಫೋನು ಇಡುವದಿಲ್ಲ, ಐದು ನಿಮಿಷ ಇಲ್ಲೇ ಇರುತ್ತೇನೆ. ಎತ್ತಿಗೆ ನೀರು ಹಾಕಿದ್ದಾಯಿತೋ?” ಎಂದು ಕೇಳಿದರೆ ಸಾಕು. ಮರುದಿನ, “ರಾತ್ರಿ ಸೇದಿಬಿಟ್ಟೆ ಕಣಪ್ಪಾ” ಎಂದರೆ, ಯಾಕೆ ಸೇದಿದೆ ಎಂದು ಕೇಳಬಾರದು. ಎಷ್ಟು ಹೊತ್ತಿಗೆ, ಎಲ್ಲಿ, ಯಾರ ಸಂಗಡ ಎಂದು ಕೇಳಬೇಕು. ಯಾಕೆ ಎಂಬದಕ್ಕೆ ಅವನಲ್ಲಿ ಉತ್ತರವಿಲ್ಲ. ಎಲ್ಲಿ ಎಂಬದು ತಿಳಿದರೆ ಆ ದಾರಿಯನ್ನು ಮರುದಿನ ಬದಲಾಯಿಸಬಹುದು.

ಕರಾವಳಿಯ ನಮ್ಮ ಕೆಲವು ಮನೆಗಳಲ್ಲಿ ತಾಯಂದಿರು ಬೀಡಿ ಕಟ್ಟಿ ಮಕ್ಕಳ ಶಾಲೆಯ ಖರ್ಚು ನಡಿಸುತ್ತಾರೆ. ಅವರ ಮೇಲೆ ನಾವು ತಪ್ಪು ಹೊರಿಸುವದಿಲ್ಲ; ಬೇರೆ ಕೂಲಿ ಕೊಡಲಾರದವರು ಇರುವ ಕೂಲಿಯನ್ನು ಹೀಯಾಳಿಸಬಾರದು. ಆದರೆ ಬಿಡುವದಕ್ಕೆ ಹೆಣಗುವ ಗಂಡನೋ ಮಗನೋ ಅದೇ ಮನೆಯಲ್ಲಿದ್ದರೆ, ಮೊದಲನೆಯ ತಿಂಗಳಾದರೂ ಹೊಗೇಸೊಪ್ಪಿನ ಮೊರವು ಹಿತ್ತಲ ಜಗಲಿಯಲ್ಲಿರಲಿ, ಅವನು ಮಲಗುವ ಕೋಣೆಯಲ್ಲಿ ಬೇಡ.

ಕೆಮ್ಮಿನಲ್ಲಿ ರಕ್ತ ಕಂಡವರು, ಎದೆನೋವುಳ್ಳವರು, ಬಸುರಿಯರು ಇವರು ಡಬ್ಬಿಯನ್ನೂ ಫೋನನ್ನೂ ನೆಚ್ಚಿ ಕೂಡ್ರದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಬಹಳ ಸೇದುತ್ತಿದ್ದವರಿಗೆ ನಿಕೋಟಿನ್ ಗಮ್ ಎಂಬ ಜಗಿಯುವ ಔಷಧವು ಔಷಧದಂಗಡಿಯಲ್ಲಿ ಸಿಗುತ್ತದೆ. ವೈದ್ಯರನ್ನು ಕೇಳಿ ತೆಗೆದುಕೊಂಡರೆ ಮೊದಲ ವಾರಗಳ ತಳಮಳ ತಗ್ಗುವದು. ಅದನ್ನು ತೆಗೆದುಕೊಳ್ಳುವದು ವಿಶ್ವಾಸದ ಕೊರತೆಯೆಂದು ಯಾರೂ ಎಣಿಸಬೇಡಿರಿ. ಹೊಗೆಯಿಲ್ಲದೆ ಬಾಯಲ್ಲಿ ಇಟ್ಟುಕೊಳ್ಳುವ ಹೊಗೇಸೊಪ್ಪು, ಗುಟ್ಕಾ, ನಶ್ಯ ಇವುಗಳ ಬಾಧೆ ನಮ್ಮಲ್ಲಿ ಇನ್ನೂ ಹೆಚ್ಚಾಗಿರುವದರಿಂದ ಅದನ್ನು ಬೇರೊಂದು ಪಾಠದಲ್ಲಿ ಬರೆಯುವೆವು. ಅಲ್ಲಿಯ ವರೆಗೆ ಮೇಲೆ ಹೇಳಿದ ಫೋನ್ ಸಂಖ್ಯೆಯು ಅವರಿಗೂ ಸಲ್ಲುತ್ತದೆ.